ಹನ್ನೆರಡೂ ಹತ್ತರ ಲಾರಿ

ಮಾಬುಸಾಬ ಗೇಟಿನ್ಯಾಗ ನಿಂತು ಚೀಟಿ ಬೀಸಿದ:
‘ನಾ ಇವತ್ತ ಬಂದೀನ್ರೀ ಅಕ್ಕಾರ,
ನಿಮ್ಮ ಮಷೀನು ನಿನ್ನೆ ಬಂದೀ ಅಂತೈತಿ.’

ಗ್ವಾಡಿ ಗಡಿಯಾರದಾಗ ಹನ್ನೆರಡು ಹೊಡದು ಹತ್ತು ಮಿನೀಟು.
ಅವನ ಹಿಂದ ಲಾರಿ, ಲಾರಿ ತುಂಬ ಕಡ್ಡಿ ಮೆಣಸಿನಕಾಯಿ.
ಬ್ಯಾಡಗಿ ಯಾರ್ಡಿನಾಗ ನಿಂತು ಯಾರೂ ಪೂರಾ ಒಂದು ಮಾತು ಆಡಾಂಗಿಲ್ಲ,
ನಡುವ ಒಂದು ಸೀನು.
‘ನೂರಾ ಎಂಬತ್ತು ಚೀಲ,’ (ಸೀನು) ‘ಒಂದಿನದ ಬಾಡಿಗಿ ಹೆಚ್ಚಿಗಿ,
ಚೀಲಕ್ಕೆರಡು ರೂಪಾಯಿ. ಮುನ್ನೂರಾ ಅರವತ್ತು.
ನಿನ್ನೆ ಅನ್ನೂದು ಮುಗಿಯೂ ಹೊತ್ತಿಗೆ ನಾ ಇನ್ನೂ
ಮೋಟೆಬೆನ್ನೂರ ದಾಬಾದಾಗ ರೊಟ್ಟಿ ಮುರಕೊಂತ ಕುಂತಿದ್ನಿ.’

ಗೇಟಿನ ಪುಟ ಬರದಾಕಿ ನಾನ.
ಎರಡು ರಾತ್ರಿ ನನ್ನ ಸಾಲಿನ್ಯಾಗ ಕಳ್ಳನ್ನ ಹುಡುಕಿದೆ.
ಸಿಗಲಿಲ್ಲ. ಮೂರನೇ ರಾತ್ರಿ
ನಾ ಕಣ್ಣು ಮುಚ್ಚಿ ನಂಬಿದ್ದ ಫ್ರೇಮ್‌ವರ್ಕಿನ ಹೊಟ್ಟಿಯೊಳಗ ಇಳದೆ.
ತಾರೀಖಿನ ಕಡತ, ನಾನೂರಾ ಹನ್ನೆರಡನೇ ಸಾಲು:
ಲೋಕದ ಗಡಿಯಾರಕಿಂತ ನಾವು ಮುಂದಿರೂದು
ಮುನ್ನೂರಾ ಮೂವತ್ತು ನಿಮಿಷ.
ಅದನ್ನ ಅರವತ್ತರಿಂದ ಭಾಗಿಸಿ
ಐದು ತಾಸು ಇಟಗೊಂಡು
ಉಳದದ್ದನ್ನ ಚೆಲ್ಲಿಬಿಟ್ಟಿದ್ರು,
ತೊಟ್ಟು ಮುರಿಯೂವಾಗ ಉದುರೂ ಬೀಜದಂಗ.

ಹಗಲೆಲ್ಲ ಯಾರ್ಡು ಅರ್ಧ ತಾಸು ಹಿಂದ ಇತ್ತು, ಯಾರಿಗೂ ಗೊತ್ತಾಗಲಿಲ್ಲ.
ಚೀಟಿ ಮ್ಯಾಲೆ ಬರೂದು ತಾರೀಖಷ್ಟ.
ನಡುರಾತ್ರಿ ಬಂದವನಿಗೆ ಮಾತ್ರ ಅದು ಚುಚ್ಚಬೇಕು.

ಬರದವರು ಕೆಟ್ಟವರಲ್ಲ.
ಅವರೂರಿನ ಗಡಿಯಾರ ಪೂರಾ ತಾಸಿಗೇ ಹೊರಳತಿರಬೇಕು.
ಪಕ್ಕದಾಗ ಒಂದು ಟಿಪ್ಪಣಿನೂ ಇತ್ತು: ‘ಇದನ್ನ ಆಮ್ಯಾಲೆ ನೋಡಬೇಕು.’
ಆರು ವರ್ಷದ ಹಿಂದಿನ ಆಮ್ಯಾಲೆ.

ತಿದ್ದಿದೆ. ಐದರ ಮುಂದ ಮೂವತ್ತು ಕೂಡಿಸಿದೆ.
ನೀಲಾಂಬಿಕಾ ಬಾರ್ಕಿ, ಹಾವೇರಿ ಅಂತ ಹೆಸರು ಹಚ್ಚಿ ಕಳಿಸಿ
ಚಾ ಕುಡದು ಮಲಗಿದೆ, ಗೆದ್ದವರ ನಿದ್ದಿ.

ಮುಂಜಾನೆ ಎದ್ದರ ಉತ್ತರ ಕಾದು ಕುಂತಿದ್ವು.
ಸಾಲಿನ ಮುಂದ ನೀವು ನಾಕು ಜಾಗ ಬಿಟ್ಟೀರಿ, ನಮ್ಮಲ್ಲಿ ಎರಡ, ಅಂದ ಒಬ್ಬಾಂವ.
ಟೆಸ್ಟ್ ಬರೀಲಾರದ ತಿದ್ದುಪಡಿ ನಾವು ತಗೊಳ್ಳಾಂಗಿಲ್ಲ, ಅಂದಳೊಬ್ಬಾಕಿ,
ಥೇಟ್ ನಮ್ಮ ಸೊಸೈಟಿ ಕಾರಕೂನನ ದನಿ.
ಕಾಠ್ಮಂಡುವಿಂದ ಯಾರೋ ಒಂದ ಸಾಲು:
‘ನಮ್ಮದು ನಲವತ್ತೈದು ನಿಮಿಷ.’

ಅಯ್ಯ.
ನನ್ನ ಸೇರಿನಾಗ ಎಲ್ಲಾರ ಕಾಳು ಅಳದಿದ್ದೆ.
ಆರು ವರ್ಷದ ಹಿಂದಿನ ಆ ಮನಷ್ಯಾ
ನನ್ನ ಖುರ್ಚಿಯಾಗ ಬಂದು ಕುಂತಂಗಾತು.

ಮೂವತ್ತು ಅಳಿಸಿದೆ. ನಲವತ್ತೈದು ಬರೀಲಿಲ್ಲ.
ಭಾಗಾಕಾರನ ಕಿತ್ತೊಗದೆ.
ನಿಮಿಷ ನಿಮಿಷಾಗೇ ಇರಲಿ, ಯಾವೂರಿಂದರ ಆಗಲಿ.
ಎರಡು ಜಾಗ ಬಿಟ್ಟೆ. ಟೆಸ್ಟಿಗೊಂದು ಲಾರಿ ಹುಟ್ಟಿಸಿದೆ:
ಡ್ರೈವರಿಲ್ಲ, ಚೀಲಿಲ್ಲ, ಘಾಟಿಲ್ಲ,
ರಾತ್ರಿ ಹನ್ನೆರಡೂ ಹತ್ತಕ್ಕ ಗೇಟಿಗೆ ಬಂದು
‘ಇವತ್ತು ಯಾವ ವಾರ?’ ಅಂತ ಕೇಳೂದಷ್ಟ ಅದರ ಕೆಲಸ.

ತಗೊಂಡ್ರು. ಹೊಸಾ ಆವೃತ್ತಿ ಬಂತು,
ಬದಲಾವಣೆ ಪಟ್ಟಿಯಾಗ ನಮ್ಮ ಮೂರು ರಾತ್ರಿಗೆ
ಮೂರ ಶಬ್ದ: ‘ತಾರೀಖಿನ ದೋಷ ಸರಿಪಡಿಸಲಾಗಿದೆ.’
ಮರುವಾರ ಕ್ಯಾಲೆಂಡರಿನಾಗ ಶನಿವಾರದ ಕಾಲಮ್ಮು ಮಾಯ.
ನನ್ನ ತಿದ್ದುಪಡಿ ಅಲ್ಲ ಅದು,
ಅಂತ ಎರಡು ಸರತಿ ನೋಡಿ ಖಾತ್ರಿ ಮಾಡಕೊಂಡೆ.
ಅದನ್ನ ಈಗ ಯಾರೋ ಚಿಲಿ ದೇಶದಾಕಿ ಹಿಡದಾಳ.
ಯಾರು ಎಲ್ಲಿ ಕುಂತು ಒಂದು ಸಾಲು ಮುಟ್ಟಿದರೂ ಸೈ,
ಆ ಖಾಲಿ ಲಾರಿ ಎದ್ದು ಬಂದು
ಗೇಟಿನಾಗ ನಿಂತು ಹಾರ್ನ್ ಹೊಡೀತೈತಿ.

ಗುರುವಾರದ ಟೆಂಡರಿಗೆ ಮಾಬುಸಾಬ ಮತ್ತ ಬಂದ,
ಹನ್ನೆರಡೂ ಐದು.
ಚೀಟಿನ ದೀಪಕ್ಕ ಹಿಡದು ಓದಿದ.
‘ಇವತ್ತ’ ಅಂದ. ಸೀನಿದ.
ಕಿಸೆಕ್ಕ ಹಾಕ್ಕೊಂಡು, ಹೋಗಾಂವ ಮತ್ತ ಹೊಳ್ಳಿ ನಿಂತ.
‘ಅಲ್ರೀ, ಆ ಮುನ್ನೂರಾ ಅರವತ್ತು?’

ಅದು ಬ್ಯಾರೆ ಖಾತೆ, ಮಾಬುಸಾಬ.
ಅದರ ಕೋಡು ನಮ್ಮ ಕೈಯಾಗಿಲ್ಲ.